ಕಡಲೆ ಒಣಗಿತೇ? ಬೀಜ ಬೈಯುವ ಮೊದಲು ಬೇರು ಸೀಳಿ ನೋಡಿ

ಹಿಂಗಾರಿ ಕಡಲೆ ಬಿತ್ತಿ ಮೂರು ವಾರ ದಾಟಿತೋ ಇಲ್ಲವೋ, ನನ್ನ ವಾಟ್ಸಾಪ್‌ಗೆ ಫೋಟೊಗಳು ಬರೋಕೆ ಶುರು. ಹೆಚ್ಚುಕಡಿಮೆ ಎಲ್ಲವೂ ಒಂದೇ ಥರ. ಹಸಿರು ಸಾಲಿನ ನಡುವೆ ಒಣಗಿದ ಒಂದು ಗಿಡ, ನಿಂತಲ್ಲಿಂದಲೇ ತೆಗೆದ ಚಿತ್ರ. ಕೆಳಗೆ, "ಅಣ್ಣಾ, ಸಿಡಿ ಬಂದೈತಿ, ಏನ್ ಹೊಡೀಲಿ?" ಅಂತ ಪ್ರಶ್ನೆ. ಎರಡು ನಿಮಿಷ ಬಿಟ್ಟು ಇನ್ನೊಂದು ಮೆಸೇಜು: "ರೋಗ ನಿರೋಧಕ ತಳಿ ಅಂತ ಹೇಳಿ ಬೀಜ ಕೊಟ್ಟಿದ್ರು. ಮೋಸ ಆತು ನೋಡ್ರಿ."

ಮೋಸ ಆಗಿರಲೂಬಹುದು. ಆದರೆ ಆ ಫೋಟೊದಿಂದ ಅದು ಗೊತ್ತಾಗಲ್ಲ. ಕಡಲೆಯ ಬೇರಿಗೆ ಬೀಳುವ ಶಿಲೀಂಧ್ರ ಒಂದಲ್ಲ, ಹಲವು. ನಮ್ಮ ಎರೆ ಭೂಮಿಯಲ್ಲಿ ಮುಖ್ಯವಾಗಿ ಮೂರು. ಮೇಲಿಂದ ನೋಡಿದರೆ ಮೂರೂ 'ಒಣಗಿದ ಗಿಡ'ವೇ. ಬೀಜದ ಚೀಲದ ಮೇಲೆ ಬರೆದಿರುವ 'ರೋಗ ನಿರೋಧಕ' ಅನ್ನುವ ಮಾತು ಸಾಮಾನ್ಯವಾಗಿ ಈ ಮೂರರಲ್ಲಿ ಒಂದಕ್ಕೆ ಮಾತ್ರ ಸಂಬಂಧಪಟ್ಟದ್ದು. ಆ ಒಂದರೊಳಗೂ ಮತ್ತೆ ಬೇರೆ ಬೇರೆ ರೇಸ್‌ಗಳಿವೆ. ಇದು ತಿಳಿಯದೆ ತಳಿ ಬದಲಿಸಿದರೆ ದುಡ್ಡು ಹೋಗುತ್ತೆ, ರೋಗ ಅಲ್ಲೇ ಇರುತ್ತೆ. ಇನ್ನೂ ಕೆಟ್ಟದ್ದೇನಂದ್ರೆ, ಒಂದು ರೋಗಕ್ಕೆ ಮಾಡುವ ಉಪಾಯ ಇನ್ನೊಂದಕ್ಕೆ ಅನುಕೂಲ ಮಾಡಿಕೊಡುತ್ತೆ.

ಅದಕ್ಕೇ ಮೊದಲು ಬೇರು. ಒಣಗಿದ ಗಿಡವನ್ನು ಕೈಯಿಂದ ಜಗ್ಗಬೇಡಿ, ಸಲಿಕೆ ಹಾಕಿ ಮಣ್ಣಿನ ಸಮೇತ ಎತ್ತಿ. ಮಣ್ಣು ಉದುರಿಸಿ, ಬುಡದಿಂದ ಕೆಳಕ್ಕೆ ಬ್ಲೇಡಿನಿಂದ ಉದ್ದಕ್ಕೆ ಸೀಳಿ. ಒಂದೇ ಗಿಡ ನೋಡಿದರೆ ಸಾಲದು, ಹೊಲದ ಬೇರೆ ಬೇರೆ ಕಡೆಯಿಂದ ಐದಾರು ಗಿಡ ನೋಡಿ. ಪೂರ್ತಿ ಒಣಗಿ ಕಟ್ಟಿಗೆಯಾದ ಗಿಡಕ್ಕಿಂತ, ಈಗಷ್ಟೇ ತಲೆ ಬಾಗಿಸುತ್ತಿರುವ ಗಿಡ ಹೆಚ್ಚು ವಿಷಯ ಹೇಳುತ್ತೆ.

ಸೀಳಿದ ಬೇರು ಹೊರಗಿನಿಂದ ಚೆನ್ನಾಗೇ ಇದ್ದು, ಒಳಗೆ ನಡುವೆ ಮಾತ್ರ ಕಂದು ಅಥವಾ ಕಪ್ಪು ಗೆರೆ ಕಂಡರೆ ಅದು ನಿಜವಾದ ಸಿಡಿ ರೋಗ. ಪುಸ್ತಕದಲ್ಲಿ ಸೊರಗು ರೋಗ ಅಂತಾರೆ. ಕಾರಣ ಫ್ಯುಸೇರಿಯಂ ಆಕ್ಸಿಸ್ಪೋರಂ ಅನ್ನುವ ಶಿಲೀಂಧ್ರದ, ಕಡಲೆಗೆಂದೇ ಮೀಸಲಾದ ಬಗೆ. ಇದು ಬೇರನ್ನು ಕೊಳೆಸುವುದಕ್ಕಿಂತ ಹೆಚ್ಚಾಗಿ ನೀರು ಸಾಗಿಸುವ ನಾಳದೊಳಗೆ ಕೂತು ದಾರಿ ಕಟ್ಟುತ್ತೆ. ಎಲೆ ಇನ್ನೂ ಹಸಿರಿರುವಾಗಲೇ ಗಿಡ ಜೋತು ಬೀಳೋದು ಅದಕ್ಕೇ.

ಬೇರು ಕಪ್ಪಾಗಿ, ಕವಲು ಬೇರುಗಳೆಲ್ಲ ಉದುರಿ, ಬಗ್ಗಿಸಿದರೆ ಲಟಕ್ಕನೆ ಮುರಿಯುತ್ತಾ? ತೊಗಟೆ ಸುಲಿದರೆ ಇದ್ದಿಲ ಪುಡಿ ಉದುರಿಸಿದಂಥ ಸಣ್ಣ ಸಣ್ಣ ಕಪ್ಪು ಚುಕ್ಕೆ ಕಾಣುತ್ತಾ? ಅದು ಒಣ ಬೇರು ಕೊಳೆ. ರೈಜೊಕ್ಟೋನಿಯಾ ಬಟಾಟಿಕೋಲಾ ಅಂತ ಹೆಸರು, ಮ್ಯಾಕ್ರೊಫೊಮಿನಾ ಅಂತಲೂ ಕರೀತಾರೆ. ಇದು ಬಂದ ಗಿಡ ಜೋಲುವುದಿಲ್ಲ, ನಿಂತಲ್ಲೇ ಹುಲ್ಲಿನ ಬಣ್ಣಕ್ಕೆ ತಿರುಗುತ್ತೆ. ಹೂವು ಕಾಯಿ ಹೊತ್ತಿನಲ್ಲಿ ಹೆಚ್ಚು. ಕೈಯಿಂದ ಜಗ್ಗಬೇಡಿ ಅಂದದ್ದು ಇದಕ್ಕಾಗಿ: ಜಗ್ಗಿದರೆ ಬೇರಿನ ಕೆಳಭಾಗ ಮಣ್ಣಲ್ಲೇ ಮುರಿದು ಉಳಿಯುತ್ತೆ, ನೋಡಬೇಕಾದ್ದೇ ಕೈಗೆ ಬರಲ್ಲ.

ಮೂರನೆಯದು ಬುಡ ಕೊಳೆ, ಸ್ಕ್ಲೆರೋಶಿಯಂ ರೋಲ್ಫ್ಸಿಯಿಂದ ಬರುವಂಥದ್ದು. ಎಳೆ ಸಸಿಯಲ್ಲಿ, ಮಣ್ಣಿನ ಮಟ್ಟದಲ್ಲಿ ಕುತ್ತಿಗೆ ಕೊಳೆತು, ಬಿಳಿ ಹತ್ತಿಯ ಎಳೆಯಂಥ ಬೂಸ್ಟು, ಕೆಲವೊಮ್ಮೆ ಸಾಸಿವೆ ಕಾಳಿನಂಥ ಉಂಡೆಗಳು. ಇದನ್ನು ಗುರುತಿಸೋದು ಸುಲಭ, ಇದರ ಬಗ್ಗೆ ಹೆಚ್ಚು ಬರೆಯಲ್ಲ. ಹೆಸರು ಕಟಾವು ಮಾಡಿ, ಅದರ ಸೊಪ್ಪು ಸದೆ ಹಸಿಯಾಗೇ ಮಣ್ಣಿಗೆ ಸೇರಿಸಿ, ಅದು ಕಳಿಯುವ ಮೊದಲೇ ಕೂರಿಗೆ ಹೂಡಿದ ಹೊಲದಲ್ಲಿ, ನೆಲ ಚೆನ್ನಾಗಿ ಹಸಿ ಇರುವಾಗ ಇದು ಜೋರು.

ಈಗ ತಳಿಗಳ ವಿಷಯಕ್ಕೆ ಬರೋಣ. ಇದರಲ್ಲಿ ಸಿಡಿ ರೋಗದ್ದೇ ದೊಡ್ಡ ಕಥೆ.

ಕಡಲೆ ಒಂದೇ, ತಳಿ ಬೇರೆ ಬೇರೆ. ಹಾಗೇ ಶಿಲೀಂಧ್ರ ಒಂದೇ, ರೇಸ್ ಬೇರೆ ಬೇರೆ. ಸೂಕ್ಷ್ಮದರ್ಶಕದಲ್ಲಿ ಇಟ್ಟು ನೋಡಿದರೆ ಒಂದು ರೇಸಿಗೂ ಇನ್ನೊಂದಕ್ಕೂ ವ್ಯತ್ಯಾಸ ಕಾಣಲ್ಲ. ಯಾವ ತಳಿಯನ್ನು ಕೊಲ್ಲುತ್ತೆ, ಯಾವುದನ್ನು ಬಿಡುತ್ತೆ ಅನ್ನೋದರ ಮೇಲೇ ವಿಜ್ಞಾನಿಗಳು ಅವನ್ನು ಬೇರೆ ಮಾಡೋದು. ಹೈದರಾಬಾದ್ ಹತ್ತಿರದ ಪಟಾನ್‌ಚೆರುವಿನಲ್ಲಿರುವ ಇಕ್ರಿಸ್ಯಾಟ್ ಸಂಸ್ಥೆಯ ಹವಾರೆ ಮತ್ತು ನೆನೆ ಎಂಬ ವಿಜ್ಞಾನಿಗಳು 1982ರಲ್ಲಿ ಇದನ್ನು ತೋರಿಸಿದರು. ಹೈದರಾಬಾದ್, ಕಾನ್ಪುರ, ಗುರುದಾಸಪುರ, ಹಿಸಾರ್ ಈ ನಾಲ್ಕು ಕಡೆಯ ಸಿಡಿ ಶಿಲೀಂಧ್ರವನ್ನು ಹತ್ತು ಕಡಲೆ ತಳಿಗಳ ಮೇಲೆ ಬಿಟ್ಟು ನೋಡಿದಾಗ, ನಾಲ್ಕರ ನಡತೆಯೂ ಬೇರೆ ಬೇರೆ ಇತ್ತು. ಅವಕ್ಕೆ ರೇಸ್ 1, 2, 3, 4 ಅಂತ ಹೆಸರು ಬಿತ್ತು. ಆ ಹತ್ತು ತಳಿಗಳಲ್ಲಿ ನಮ್ಮ ಅಣ್ಣಿಗೇರಿಯೂ ಒಂದು ಅನ್ನೋದು ನನಗೆ ಓದುವಾಗಲೇ ಖುಷಿ ಕೊಟ್ಟ ವಿಷಯ. ಈಗ ಜಗತ್ತಿನಲ್ಲಿ ಒಟ್ಟು ಎಂಟು ರೇಸ್ ಲೆಕ್ಕಕ್ಕಿವೆ.

ಆ ಹತ್ತರಲ್ಲಿ ಜೆಜಿ 62 ಅನ್ನುವ ಇನ್ನೊಂದು ತಳಿಯಿದೆ. ಒಂದೇ ತೊಟ್ಟಿಗೆ ಎರಡು ಕಾಯಿ ಬಿಡುವ ಜಾತಿ. ಭಾರತದ ಈ ನಾಲ್ಕೂ ರೇಸ್‌ಗಳ ಎದುರು ಅದು ನಿಲ್ಲಲ್ಲ, ರೋಗದ ಹೊಲದಲ್ಲಿ ಒಂದು ತಿಂಗಳೊಳಗೇ ನೆಲಕಚ್ಚುತ್ತೆ. ಅದಕ್ಕೇ ಸಂಶೋಧಕರು ಪ್ರಯೋಗದ ಸಾಲುಗಳ ನಡುನಡುವೆ ಅದನ್ನು ಬೇಕಂತಲೇ ಬಿತ್ತುತ್ತಾರೆ. ಜೆಜಿ 62 ಸತ್ತರೆ ಮಣ್ಣಲ್ಲಿ ರೋಗ ಇದೆ ಅಂತ ಖಾತ್ರಿ, ಪಕ್ಕದ ಸಾಲಿನ ಪರೀಕ್ಷೆಗೆ ಬೆಲೆ. ಇಷ್ಟು ದುರ್ಬಲ ಅನ್ನಿಸಿಕೊಂಡ ಇದೇ ಜೆಜಿ 62, ಸ್ಪೇನ್ ಮುಂತಾದ ಕಡೆ ಇರುವ ರೇಸ್ 0 ಎದುರು ಗಟ್ಟಿಯಾಗಿ ನಿಲ್ಲುತ್ತೆ. ಅಲ್ಲಿ ಅದು ನಿರೋಧಕ, ಇಲ್ಲಿ ಬಲಿ. ತಳಿ ಬದಲಾಗಿಲ್ಲ, ಶಿಲೀಂಧ್ರದ ರೇಸ್ ಬದಲಾಗಿದೆ.

'ಈ ತಳಿ ನಿರೋಧಕವಾ?' ಅಂತ ಯಾರಾದರೂ ಕೇಳಿದಾಗ ನಾನು ತಿರುಗಿ 'ಯಾವುದಕ್ಕೆ?' ಅನ್ನೋದು ಈ ಕಾರಣಕ್ಕೆ. ತೊಗರಿ ಬೆಳೆಯೋ ಕಲಬುರಗಿ ಕಡೆಯ ಗೆಳೆಯರಿಗೆ ಇದು ಹೊಸದೇನಲ್ಲ. ಮಾರುತಿ ತಳಿ ನೆಟೆ ರೋಗ ತಡೆಯುತ್ತೆ, ಗೊಡ್ಡು ರೋಗಕ್ಕೆ ಮಾತ್ರ ಸುಲಭದ ತುತ್ತು. ಆಶಾ ಬಂದ ಮೇಲೆ ಎರಡಕ್ಕೂ ಒಂದೇ ತಳಿ ಸಿಕ್ಕಿತು.

ಇನ್ನೊಂದು ವಿಷಯ ಬೀಜದಂಗಡಿಯಲ್ಲಿ ಯಾರೂ ಹೇಳಲ್ಲ. ನಿರೋಧಕ ಅಂದರೆ ಒಂದು ಗಿಡವೂ ಸಾಯಲ್ಲ ಅಂತ ಅರ್ಥವಲ್ಲ. ರೋಗ ತುಂಬಿದ ಪರೀಕ್ಷಾ ಹೊಲದಲ್ಲಿ ನೂರಕ್ಕೆ 10 ಗಿಡದವರೆಗೆ ಸತ್ತರೂ ಆ ತಳಿಯನ್ನು ನಿರೋಧಕ ಅಂತಲೇ ಲೆಕ್ಕ ಹಿಡೀತಾರೆ. ನಿಮ್ಮ ಹೊಲದಲ್ಲಿ ಅಲ್ಲೊಂದು ಇಲ್ಲೊಂದು ಗಿಡ ಹೋದರೆ ಬೀಜ ಕೊಟ್ಟವರ ಮೇಲೆ ಜಗಳಕ್ಕೆ ಹೋಗಬೇಡಿ. ನೂರು ಗಿಡ ಎಣಿಸಿ, ಎಷ್ಟು ಸತ್ತಿವೆ ಬರೆದುಕೊಳ್ಳಿ. ನಾಲ್ಕು ಕಡೆ ಹೀಗೆ ಎಣಿಸಿದರೆ ಅಂದಾಜು ಸಿಗುತ್ತೆ. ಮೊಬೈಲಿನ ನೋಟ್ಸ್‌ನಲ್ಲಿ ತಾರೀಖು ಹಾಕಿ ಇಟ್ಟರೆ ಮುಂದಿನ ವರ್ಷ ತಳಿ ಆರಿಸುವಾಗ ಅದಕ್ಕಿಂತ ಒಳ್ಳೆ ದಾಖಲೆ ಬೇರೆ ಇಲ್ಲ.

ಪೂರ್ತಿ ನಿರೋಧಕ, ಪೂರ್ತಿ ದುರ್ಬಲ ಇವೆರಡರ ನಡುವೆ ಇನ್ನೊಂದು ಗುಂಪಿದೆ, ತಡವಾಗಿ ಸಿಡಿಯುವ ತಳಿಗಳು. ಒಂದನೇ ರೇಸಿನ ಮೇಲೆ ಆದ ಅಧ್ಯಯನಗಳಲ್ಲಿ ಕಂಡದ್ದು ಇದು: ನಿರೋಧಕ ಗುಣ ಕೊಡುವ ಜೀನ್‌ಗಳು ಮೂರಿವೆ. ಅದರಲ್ಲಿ ಒಂದೇ ಇದ್ದರೆ ಗಿಡ ಬದುಕಿಕೊಳ್ಳಲ್ಲ, ಸಾಯುವುದು ಮುಂದಕ್ಕೆ ಹೋಗುತ್ತೆ ಅಷ್ಟೇ. ಎರಡು ಸೇರಿದರೆ ಪೂರ್ತಿ ರಕ್ಷಣೆ. ಕೆ 850, ಸಿ 104 ಇಂಥ ತಡವಾಗಿ ಸಿಡಿಯುವ ತಳಿಗಳು. ತಿಂಗಳ ಸಸಿಯಲ್ಲಿ ರೋಗ ಕಾಣದೆ, ಕಾಯಿ ಕಟ್ಟುವ ಹೊತ್ತಿಗೆ ಗಿಡ ಬಾಗಿದರೆ 'ಇದು ಸಿಡಿ ಇರಲಿಕ್ಕಿಲ್ಲ' ಅಂತ ತೀರ್ಮಾನಿಸಬೇಡಿ. ಆಗಲೂ ಬೇರು ಸೀಳಿ ನೋಡೋದೇ ದಾರಿ.

ನಮ್ಮ ಭಾಗದ ತಳಿಗಳನ್ನು ಈ ಕಣ್ಣಿನಿಂದ ನೋಡಿ. ಅಣ್ಣಿಗೇರಿ 1, ಅಂದರೆ ನಮ್ಮ ಎ-1, ಉತ್ತರ ಕರ್ನಾಟಕದ ಎರೆ ಭೂಮಿಯನ್ನು ದಶಕಗಳ ಕಾಲ ಆಳಿದ ತಳಿ. ಕಾಳು ಚೆಂದ, ಒಣ ಬೇಸಾಯಕ್ಕೆ ಹೇಳಿ ಮಾಡಿಸಿದ್ದು. ಸಿಡಿ ರೋಗದ ಎದುರು ಮಾತ್ರ ದುರ್ಬಲ. ಜಬಲ್ಪುರದಿಂದ ಬಂದ, 1999ರಲ್ಲಿ ಬಿಡುಗಡೆಯಾದ ಜೆಜಿ 11 ಅದರ ಜಾಗ ಹಿಡಿಯಲು ಸಿಡಿ ತಡೆಯುವ ಗುಣವೂ ಒಂದು ಕಾರಣ. ಆಮೇಲೆ ರಾಯಚೂರು ಕೃಷಿ ವಿಶ್ವವಿದ್ಯಾಲಯ ಮತ್ತು ಇಕ್ರಿಸ್ಯಾಟ್ ಸೇರಿ ಎ-1ನ್ನೇ ಸರಿಮಾಡುವ ಕೆಲಸಕ್ಕೆ ಕೈಹಾಕಿದವು. ಡಬ್ಲ್ಯುಆರ್ 315 ಅನ್ನುವ ತಳಿಯಲ್ಲಿದ್ದ ನಿರೋಧಕ ಗುಣವನ್ನು ಮತ್ತೆ ಮತ್ತೆ ಎ-1ಕ್ಕೆ ಸಂಕರ ಮಾಡಿ, ಪ್ರತಿ ಪೀಳಿಗೆಯಲ್ಲೂ ಡಿಎನ್‌ಎ ಗುರುತು ನೋಡಿ ಆರಿಸುತ್ತಾ ಬಂದು ಸೂಪರ್ ಅಣ್ಣಿಗೇರಿ 1 ಮಾಡಿದರು. ಬೇರೆ ಜೀವಿಯ ಜೀನ್ ತಂದು ಸೇರಿಸಿದ ಕುಲಾಂತರಿ ಅಲ್ಲ ಇದು. ಸಾವಯವದವರು ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆ ಆದ್ದರಿಂದ ಹೇಳಿದೆ. ಕಡಲೆಗೆ ಕಡಲೆಯದ್ದೇ ಸಂಕರ.

ಸೂಪರ್ ಅಣ್ಣಿಗೇರಿಗೆ ತಂದು ಸೇರಿಸಿದ್ದು ಯಾವ ಗುಣ ಗೊತ್ತಾ? ನಾಲ್ಕನೇ ರೇಸಿನ ಎದುರಿನದ್ದು. ಇಷ್ಟು ಖಚಿತವಾಗಿ ಬರೆದಿರುವ ತಳಿ ವಿವರಣೆಯೇ ನನಗೆ ಇಷ್ಟ. 'ಎಲ್ಲಾ ರೋಗಕ್ಕೂ ನಿರೋಧಕ' ಅನ್ನುವ ಬಣ್ಣದ ಚೀಲ ಕಂಡರೆ ನಾನು ಒಂದು ಹೆಜ್ಜೆ ಹಿಂದೆ ಸರೀತೀನಿ.

ಒಣ ಬೇರು ಕೊಳೆಯ ವಿಷಯಕ್ಕೆ ಬಂದರೆ ಈ ಆಟದ ನಿಯಮವೇ ಬೇರೆ. ಸಿಡಿ ಶಿಲೀಂಧ್ರ ಕಡಲೆಗೆ ಕಟ್ಟುಬಿದ್ದದ್ದು. ಒಣ ಬೇರು ಕೊಳೆಯದ್ದು ಹಾಗಲ್ಲ, 500ಕ್ಕೂ ಹೆಚ್ಚು ಜಾತಿಯ ಗಿಡಗಳ ಮೇಲೆ ಬದುಕುತ್ತೆ. ಸೂರ್ಯಕಾಂತಿ, ಶೇಂಗಾ, ಹತ್ತಿ, ತೊಗರಿ ಯಾವುದನ್ನೂ ಬಿಟ್ಟಿಲ್ಲ. ಹಿಂಗಾರಿ ಬಿಳಿ ಜೋಳ ಕೊನೆಗೆ ಬುಡದಲ್ಲಿ ಟೊಳ್ಳಾಗಿ, ಒಳಗೆ ಕಪ್ಪು ಪುಡಿ ತುಂಬಿ ಮಲಗುತ್ತಲ್ಲ, ಆ ಇದ್ದಿಲು ಕೊಳೆಯೂ ಇದೇ ಶಿಲೀಂಧ್ರದ ಕೆಲಸ. ಸಿಡಿಗೆ ಸಿಕ್ಕಿರುವಂಥ ಬಲವಾದ ನಿರೋಧಕ ತಳಿ ಇದಕ್ಕೆ ಸಿಕ್ಕಿಲ್ಲ. ಸಿಡಿಗೆ ಗಟ್ಟಿಯಾಗಿ ನಿಂತ ತಳಿಯೇ ಫೆಬ್ರುವರಿಯಲ್ಲಿ ಒಣ ಬೇರು ಕೊಳೆಗೆ ಸಾಲುಸಾಲಾಗಿ ಹೋಗಬಹುದು. 'ಬೀಜ ಮೋಸ' ಅನ್ನೋ ದೂರುಗಳಲ್ಲಿ ಎಷ್ಟೋ ಈ ಜಾತಿಯವು ಅಂತ ನನ್ನ ಅನಿಸಿಕೆ.

ಈ ರೋಗಕ್ಕೆ ಬೇಕಾದ್ದು ಬಿಸಿ ಮತ್ತು ಬಾಯಾರಿಕೆ. 30 ಡಿಗ್ರಿ ಮೀರಿದ ಉಷ್ಣ, ತೇವ ಆರಿದ ನೆಲ, ಹೂವು ಕಾಯಿಯ ಭಾರ ಹೊತ್ತ ಗಿಡ: ಮೂರೂ ಒಂದೇ ಹೊತ್ತಿಗೆ ಕೂಡಿದರೆ ಮುಗೀತು. ಸಿಡಿ ಶಿಲೀಂಧ್ರಕ್ಕೆ 25ರಿಂದ 28 ಡಿಗ್ರಿ ಸಾಕು. ಬುಡ ಕೊಳೆಗೆ ಬಿಸಿ ಜೊತೆಗೆ ತುಂಬಾ ಹಸಿ ಬೇಕು.

ಈಗ ಗೊತ್ತಾಯ್ತಲ್ಲ, ಹೆಸರು ತಪ್ಪಿದರೆ ಯಾಕೆ ಎಡವಟ್ಟು ಅಂತ? ಹೂವಿನ ಹೊತ್ತಿಗೆ ಗಿಡ ಒಣಗುವುದನ್ನು ಕಂಡು 'ಬೇರು ಕೊಳೆ, ನೀರು ಹೆಚ್ಚಾಗಿದೆ' ಅಂತ ನೀರು ನಿಲ್ಲಿಸಿದ್ದೀರಿ ಅಂದುಕೊಳ್ಳಿ. ಅದು ಒಣ ಬೇರು ಕೊಳೆಯಾಗಿದ್ದರೆ ರೋಗಕ್ಕೆ ನೀವೇ ಬಾಗಿಲು ತೆಗೆದ ಹಾಗೆ. ಸ್ಪ್ರಿಂಕ್ಲರ್ ಇರುವವರು ಆಗ ಒಂದು ತೆಳು ನೀರು ಕೊಟ್ಟರೆ ಉಳಿದ ಗಿಡಗಳಿಗೆ ತಡೆದುಕೊಳ್ಳುವ ಶಕ್ತಿ ಬರುತ್ತೆ. ಅದೇ ನೀರನ್ನು ಬುಡ ಕೊಳೆ ಬಂದ ಎಳೆ ಸಸಿಗೆ ಕೊಟ್ಟರೆ ಹೊಲ ಖಾಲಿ. ಬಿತ್ತನೆಯ ಹೊತ್ತೂ ಹಾಗೇ. ಬುಡ ಕೊಳೆ ಇರುವ ಹೊಲದಲ್ಲಿ ನೆಲದ ಹಸಿ ಒಂದಿಷ್ಟು ಹದಕ್ಕೆ ಬರಲಿ ಅಂತ ಕಾಯೋದು ಜಾಣತನ. ಒಣ ಬೇರು ಕೊಳೆ ಇರುವ ಹೊಲದಲ್ಲಿ ತಡ ಮಾಡಿದಷ್ಟೂ ಕಾಯಿ ಕಟ್ಟುವ ಹಂತ ಬಿಸಿಲಿಗೆ ಸಿಗುತ್ತೆ.

ಬೆಳೆ ಬದಲಿಸುವ ಮಾತೂ ಇದೇ ಥರ. ಸಿಡಿ ಇದ್ದ ಹೊಲಕ್ಕೆ ಜೋಳ ಹಾಕಿದರೆ ಶಿಲೀಂಧ್ರಕ್ಕೆ ತಿನ್ನಲು ಸಿಗಲ್ಲ, ಸಾಂದ್ರತೆ ನಿಧಾನಕ್ಕೆ ಇಳಿಯುತ್ತೆ. ನಿಧಾನಕ್ಕೆ ಅಂದರೆ ನಿಜವಾಗಲೂ ನಿಧಾನ. ಕಡಲೆಯೇ ಇಲ್ಲದೆ ಮಣ್ಣಿನಲ್ಲಿ 6 ವರ್ಷ ಉಳಿದದ್ದು ದಾಖಲಾಗಿದೆ. ಜೊತೆಗೆ ತೊಗರಿ, ಬಟಾಣಿಯ ಬೇರಿನಲ್ಲಿ ಯಾವ ಲಕ್ಷಣವೂ ತೋರಿಸದೆ ಇದು ಕೂತಿರಬಲ್ಲದು. ಅಂದ ಮೇಲೆ ಕಡಲೆ ಬಿಟ್ಟು ತೊಗರಿ ಹಾಕಿದೆ, ಬೆಳೆ ಬದಲಾಯಿತು ಅಂತ ಸಮಾಧಾನ ಪಡೋ ಹಾಗಿಲ್ಲ. ಇನ್ನು ಒಣ ಬೇರು ಕೊಳೆ ಇದ್ದ ಹೊಲಕ್ಕೆ ಜೋಳ ಹಾಕಿದರೆ, ರೋಗಕ್ಕೆ ಇನ್ನೊಂದು ಊಟದ ಮನೆ ತೋರಿಸಿದಂತೆ.

ಸಾವಯವ ಅಂತ ಬಂದಾಗ ಎಲ್ಲರ ಬಾಯಲ್ಲಿ ಬರೋ ಹೆಸರು ಟ್ರೈಕೋಡರ್ಮಾ. ನಾನೂ ಬಳಸ್ತೀನಿ. ಕೆ.ಜಿ ಬೀಜಕ್ಕೆ 4 ಗ್ರಾಂ, ಅಂಟಲು ಬೆಲ್ಲದ ನೀರು ಚಿಮುಕಿಸಿದಷ್ಟೇ. ಜಾಸ್ತಿ ನೀರಾದರೆ ಕಡಲೆಯ ಸಿಪ್ಪೆ ಸುಲಿದು ಬೀಜ ಕೆಡುತ್ತೆ. ನೆರಳಲ್ಲಿ ಆರಿಸಿ, ಆಮೇಲೆ ರೈಜೋಬಿಯಂ ಹಚ್ಚಿ, ಅದೇ ದಿನ ಬಿತ್ತನೆ. ಮಣ್ಣಿಗಾದರೆ ಎಕರೆಗೆ 2 ಕೆ.ಜಿ ಟ್ರೈಕೋಡರ್ಮಾವನ್ನು 100 ಕೆ.ಜಿ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರದಲ್ಲಿ ಕಲಸಿ, ನೆರಳಲ್ಲಿ ತೇವ ಆರದ ಹಾಗೆ ಗೋಣಿ ಚೀಲ ಮುಚ್ಚಿ 10-15 ದಿನ ಇಟ್ಟು ಹಾಕ್ತೀನಿ. ಬೀಜ ಮೊಳೆಯುವ ಹೊತ್ತಿಗೆ ಬೇರಿನ ಸುತ್ತ ಅದು ಮೊದಲೇ ಜಾಗ ಹಿಡಿದಿರಬೇಕು, ಅದೇ ಅದರ ಕೆಲಸ. ಗಿಡ ಬಾಗಿದ ಮೇಲೆ ಬುಡಕ್ಕೆ ಸುರಿದರೆ ನಾಳದೊಳಗೆ ಕೂತ ಸಿಡಿಗೆ ಅದು ತಾಗಲ್ಲ. ಎಲೆ ಮೇಲೆ ಏನು ಹೊಡೆದರೂ ಅಷ್ಟೇ, ಸಾವಯವ ಆಗಲಿ ರಾಸಾಯನಿಕ ಆಗಲಿ. ಆ ಡಬ್ಬಿಯ ದುಡ್ಡು ಉಳಿಸಿಕೊಳ್ಳಿ. ಇನ್ನೊಂದು ಮಾತು ನಮ್ಮ ಸಾವಯವ ಬಳಗಕ್ಕೆ ಹಿಡಿಸಲಿಕ್ಕಿಲ್ಲ: ಸಿಡಿ ಗಟ್ಟಿಯಾಗಿ ಬೇರೂರಿದ ಹೊಲದಲ್ಲಿ ಹಳೇ ಎ-1 ಬಿತ್ತಿ, ಟ್ರೈಕೋಡರ್ಮಾ ಒಂದರಿಂದಲೇ ಉಳಿಸಿಕೊಳ್ತೀನಿ ಅನ್ನೋದನ್ನು ನಾನು ಯಾರಿಗೂ ಸಲಹೆ ಮಾಡಲ್ಲ. ಅಲ್ಲಿ ತಳಿಯೇ ಮೊದಲ ಔಷಧಿ, ಉಳಿದದ್ದೆಲ್ಲ ಜೊತೆಗೆ.

ಈ ಸಲದ ಬಿತ್ತನೆಗೆ ಒಂದು ಕೆಲಸ ಮಾಡಿ ನೋಡಿ. ಎಕರೆಗೆ 20-25 ಕೆ.ಜಿ ಬೀಜ ಕೊಂಡು ಹಾಕುವವರಿಗೆ ಇದು ದೊಡ್ಡ ಖರ್ಚಲ್ಲ. ಹಿಂದಿನ ವರ್ಷ ಗಿಡ ಹೆಚ್ಚು ಸತ್ತ ಜಾಗದಲ್ಲಿ, ನಿಮ್ಮ ಮುಖ್ಯ ತಳಿಯ ನಡುವೆ ಎ-1ರ ಎರಡು ಸಾಲು, ಇನ್ನೊಂದು ಸಿಡಿ ನಿರೋಧಕ ತಳಿಯ ಎರಡು ಸಾಲು ಹಾಕಿ. ಕಡ್ಡಿ ನೆಟ್ಟು ಗುರುತು ಮಾಡಿ, ಫೋಟೊ ತೆಗೆದಿಡಿ. ಇಕ್ರಿಸ್ಯಾಟ್‌ನವರು ಹತ್ತು ತಳಿಯಿಂದ ಕೇಳಿದ ಪ್ರಶ್ನೆಯನ್ನೇ ನೀವು ಮೂರರಿಂದ ಕೇಳ್ತಿದ್ದೀರಿ.

ಎ-1 ತಿಂಗಳೊಳಗೆ ಬಾಗಿ, ಸೀಳಿದಾಗ ಕಂದು ಗೆರೆ ಕಂಡು, ಪಕ್ಕದ ಸಾಲುಗಳು ನಿಂತಿದ್ದರೆ ಮಣ್ಣಲ್ಲಿ ಸಿಡಿ ಇದೆ, ನಿಮ್ಮ ತಳಿ ತನ್ನ ಕೆಲಸ ಮಾಡ್ತಿದೆ. ಮೂರೂ ಸಾಲಲ್ಲಿ ಅದೇ ಕಂದು ಗೆರೆ ಕಂಡರೆ ಎರಡು ಅನುಮಾನ: ಒಂದೋ ಬೀಜ ಕಲಬೆರಕೆ, ಇಲ್ಲಾಂದ್ರೆ ನಿಮ್ಮ ಮಣ್ಣಿನ ರೇಸ್ ಆ ತಳಿಗಳ ಕೈಮೀರಿದ್ದು. ಇದನ್ನು ಮನೆಯಲ್ಲಿ ಕೂತು ಬಗೆಹರಿಸೋಕೆ ಆಗಲ್ಲ. ಹೊಸದಾಗಿ ಬಾಗಿದ ನಾಲ್ಕೈದು ಗಿಡ ಬೇರು ಸಮೇತ ಕಾಗದದಲ್ಲಿ ಸುತ್ತಿ, ಬೀಜದ ಚೀಲದ ಚೀಟಿ ಮತ್ತು ರಸೀದಿಯ ಫೋಟೊ ಜೊತೆ ಹತ್ತಿರದ ಕೃಷಿ ವಿಜ್ಞಾನ ಕೇಂದ್ರಕ್ಕೆ ಒಯ್ಯಿರಿ. ಪ್ಲಾಸ್ಟಿಕ್ ಚೀಲ ಬೇಡ, ದಾರಿಯಲ್ಲೇ ಬೆವೆತು ಕೊಳೆತು ಎಲ್ಲ ಒಂದೇ ಥರ ಆಗುತ್ತೆ. ಮೂರೂ ಸಾಲು ಫೆಬ್ರುವರಿವರೆಗೆ ನಿಂತು, ಆಮೇಲೆ ಕಪ್ಪು ಲಟಕು ಬೇರು ತೋರಿಸಿ ಹೋದರೆ ತಳಿಯ ಜಗಳ ಬಿಡಿ. ಮುಂದಿನ ವರ್ಷ ಬಿತ್ತನೆಯ ದಿನ, ನೆಲದ ತೇವ ಇವುಗಳ ಬಗ್ಗೆ ಯೋಚಿಸಿ.

ಬೀಜ ಮನೆಯಲ್ಲೇ ಇಟ್ಟುಕೊಳ್ಳುವವರಿಗೆ ಒಂದು ಎಚ್ಚರಿಕೆ. ಸಿಡಿ ಶಿಲೀಂಧ್ರ ಕಾಳಿನ ಮೂತಿ ಹತ್ತಿರ, ತೊಟ್ಟು ಕಳಚಿದ ಜಾಗದಲ್ಲಿ ಅಡಗಿ ಹೊಸ ಹೊಲಕ್ಕೆ ಹೋಗುತ್ತೆ. ತಡವಾಗಿ ಸಿಡಿದ ಗಿಡವೂ ಒಂದಿಷ್ಟು ಕಾಳು ಕೊಡುತ್ತಲ್ಲ, ಆ ಕಾಳು ಹಗುರ, ಒರಟು, ಹೊಳಪಿಲ್ಲದ್ದು. ರಾಶಿಯಲ್ಲಿ ಬೆರೆತ ಮೇಲೆ ಆರಿಸೋಕೆ ಬರಲ್ಲ. ಕಟಾವಿಗೆ ಮೊದಲೇ ಆರೋಗ್ಯವಾದ ಜಾಗ ನೋಡಿ ಬೀಜಕ್ಕೆ ಅಂತ ಬೇರೆ ಮಾಡಿ. ಸತ್ತ ಗಿಡಗಳನ್ನು ಬೇರು ಸಮೇತ ಕಿತ್ತು ಹೊಲದ ಹೊರಗೆ ಸುಟ್ಟುಬಿಡಿ. ಸುಡೋದು ನನಗೂ ಇಷ್ಟದ ಕೆಲಸವಲ್ಲ. ಆದರೆ ಸಂಶೋಧನಾ ಕೇಂದ್ರದವರು ಪರೀಕ್ಷೆಗಾಗಿ ರೋಗದ ಹೊಲ ತಯಾರಿಸೋದು ಹೇಗೆ ಗೊತ್ತಾ? ಸಿಡಿದು ಸತ್ತ ಗಿಡಗಳನ್ನು ಕತ್ತರಿಸಿ ಮಣ್ಣಿಗೆ ಸೇರಿಸಿ, ಅದರಲ್ಲೇ ವರ್ಷ ವರ್ಷ ದುರ್ಬಲ ತಳಿ ಬಿತ್ತಿ. ರೋಟವೇಟರ್ ಹೊಡೆಯುವ ಮೊದಲು ಇದೊಂದು ನೆನಪಿರಲಿ.